ತಾಯಿಬೇರಿನ ಧರ್ಮ

ಶರಣರು ಧರ್ಮದ ಬುಡದಲ್ಲಿ ಇರಿಸಿದ ಗುಣವೆಂದರೆ ದಯೆ. ಈ ಮಾತನ್ನು ಒಪ್ಪದ ಭಕ್ತನಿಲ್ಲ. ಆದರೆ ಒಪ್ಪಿದ ಮಾತ್ರಕ್ಕೆ ಅದರ ಅರ್ಥವು ತಿಳಿದಂತಾಗುವದಿಲ್ಲ. ಹಸಿದವನಿಗೆ ಅನ್ನವಿಕ್ಕುವದು ದಯೆಯೆಂದು ಮಗುವಿಗೂ ಗೊತ್ತು. ಅಲ್ಲಿ ಸಂದೇಹಕ್ಕೆ ಎಡೆಯಿಲ್ಲ. ದಯೆಯಿಂದಲೇ ಮಾಡಿದ ಕಾರ್ಯವು ದಯೆಗೆ ಪಾತ್ರವಾದ ಜೀವಕ್ಕೆ ಕೇಡನ್ನು ತಂದಾಗ ಸಂದೇಹವು ತಲೆದೋರುತ್ತದೆ. ಮನಸ್ಸು ಮೃದುವಾಗಿದ್ದಿತು, ಕೈ ಶುದ್ಧವಾಗಿದ್ದಿತು. ಆದರೂ ಫಲವು ವಕ್ರವಾಯಿತು. ಆಗ ತಪ್ಪು ಎಲ್ಲಿ? ದಯೆಯಲ್ಲಿಯೋ, ದಯೆ ತೋರಿದವರಲ್ಲಿಯೋ, ಅಥವಾ ವಿಧಿಯಲ್ಲಿಯೋ? ಈ ಪ್ರಶ್ನೆಯು ಪಂಡಿತರ ಗೋಷ್ಠಿಯಲ್ಲಿ ಮಾತ್ರ ಹುಟ್ಟುವದಲ್ಲ. ಗೃಹಸ್ಥನ ಹಿತ್ತಿಲಿನಲ್ಲಿ, ಗಜ್ಜರಿ ಮೂಲಂಗಿಗಳ ಮಡಿಯ ಬದಿಯಲ್ಲಿಯೂ ಅದು ವರ್ಷವರ್ಷವೂ ಹುಟ್ಟುತ್ತದೆ. ಕಾಯಕದ ನೆಲದಲ್ಲಿ ಹುಟ್ಟಿದ ಪ್ರಶ್ನೆಯನ್ನು ಅದೇ ನೆಲದಲ್ಲಿ ನಿಂತು ವಿಚಾರಿಸುವದು ಉಚಿತ.

ಒಂದು ಮನೆಯ ಹಿತ್ತಿಲನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಮಳೆಗಾಲವು ಹಿಂದೆ ಸರಿದು ಚಳಿಯು ಮೊದಲಾಗುವ ಹೊತ್ತು. ಅತ್ತೆಯು ಮಡಿ ಮಾಡಿಸಿದ್ದಾಳೆ; ಹೊಸದಾಗಿ ಮನೆಗೆ ಬಂದ ಸೊಸೆಯು ಗಜ್ಜರಿಯ ಬೀಜವನ್ನು ಬಿತ್ತಿದ್ದಾಳೆ. ಬೀಜವು ಅತಿ ಸಣ್ಣದು. ಅನುಭವವಿಲ್ಲದ ಕೈಯಿಂದ ಅದು ಸಾಲಿನಲ್ಲಿ ದಟ್ಟವಾಗಿ ಬಿದ್ದಿದೆ. ಮೂಲಂಗಿಯಂತೆ ಮೂರು ನಾಲ್ಕು ದಿನಗಳಲ್ಲಿ ಮೊಳೆಯುವ ಅವಸರವು ಗಜ್ಜರಿಗೆ ಇಲ್ಲ. ಹತ್ತು ಹದಿನೈದು ದಿನಗಳ ಮೇಲೆ ಅದು ಹಸಿರು ಕೂದಲಿನಂತೆ ಮೇಲೆದ್ದಿತು. ಒಂದು ಬೇರಿಗೆ ಬೇಕಾದ ಎಡೆಯಲ್ಲಿ ಹತ್ತು ಸಸಿಗಳು. ಅತ್ತೆಯು ನೋಡಿ, "ಬೆರಳು ಎರಡು ಬೆರಳು ಅಂತರಕ್ಕೆ ಒಂದನ್ನು ಬಿಟ್ಟು ಉಳಿದುವನ್ನು ತೆಗೆದುಬಿಡು, ತಂಗಿ. ಇಲ್ಲವಾದರೆ ಯಾವದಕ್ಕೂ ಗಡ್ಡೆ ಕಟ್ಟುವದಿಲ್ಲ" ಎಂದಳು.

ಸೊಸೆಗೆ ಕೈ ಬರಲಿಲ್ಲ. "ಜೀವವಿರುವದನ್ನು ಹೇಗೆ ಕಿತ್ತೆಸೆಯಲಿ, ಅತ್ತೆಯವರೇ? ಆ ಬದಿಯಲ್ಲಿ ಇನ್ನೊಂದು ಮಡಿ ಖಾಲಿಯಿದೆ. ಇವನ್ನೆಲ್ಲ ಅಲ್ಲಿ ನೆಡುತ್ತೇನೆ."

ಅತ್ತೆಯು ತಡೆಯಲಿಲ್ಲ. ಸೊಸೆಯು ಒಂದೊಂದೇ ಸಸಿಯನ್ನು ಕಿತ್ತು ಹೊಸ ಮಡಿಯಲ್ಲಿ ನೆಟ್ಟಳು; ನೀರು ಹಾಕಿದಳು; ಬಿಸಿಲಿಗೆ ಸೊಪ್ಪಿನ ನೆರಳು ಮಾಡಿದಳು. ಕೆಲವು ಬಾಡಿ ಸತ್ತವು; ಹಲವು ಬದುಕಿದವು. ಮೇಲೆ ಎಲೆಗಳು ಹಸಿರಾಗಿ ನಿಂತುದನ್ನು ಕಂಡು ಅವಳಿಗೆ ಸಂತೋಷವಾಯಿತು. ಮೂರು ತಿಂಗಳು ಕಳೆದ ಮೇಲೆ ಎರಡೂ ಮಡಿಗಳನ್ನು ಅಗೆದಾಗ ಮೊದಲನೆಯದರಲ್ಲಿ ನೇರವಾದ, ತುಂಬಿದ ಗಜ್ಜರಿಗಳು ದೊರೆತವು. ಎರಡನೆಯದರಲ್ಲಿ ದೊರೆತುವು ಎರಡು ಕವಲಿನವು, ಮೂರು ಕವಲಿನವು, ಕೊಕ್ಕೆಯಂತೆ ಬಾಗಿದವು, ಬೆರಳಿನಷ್ಟೂ ದಪ್ಪವಾಗದವು. ಸೊಸೆಯು ಅವುಗಳನ್ನು ಉಡಿಯಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಳು. ಕೊನೆಗೆ ಅವಳು ಕೇಳಿದ ಮಾತು ಗಜ್ಜರಿಯದು ಮಾತ್ರವಾಗಿರಲಿಲ್ಲ: "ನನ್ನನ್ನೂ ತವರಿನಿಂದ ಕಿತ್ತು ತಂದು ಇಲ್ಲಿ ನೆಟ್ಟಿದ್ದೀರಲ್ಲ, ಅತ್ತೆಯವರೇ, ನಾನೂ ಹೀಗೆಯೇ ಆಗುವೆನೇ?"

ಈ ಪ್ರಶ್ನೆಯನ್ನು ನಕ್ಕು ಮರೆಯುವಂತಿಲ್ಲ. ಇದಕ್ಕೆ ಉತ್ತರ ಹೇಳಬೇಕಾದರೆ ಮೊದಲು ನೆಲದೊಳಗೆ ನಡೆದುದೇನೆಂಬುದನ್ನು ತಿಳಿಯಬೇಕು.

ಗಜ್ಜರಿಯ ಬೀಜವು ಮೊಳೆತಾಗ ಎಲೆಗಿಂತ ಮೊದಲು ಬೇರು ಹೊರಡುತ್ತದೆ. ಅದೇ ತಾಯಿಬೇರು. ಮೇಲೆ ಎರಡು ಪುಟ್ಟ ಎಲೆಗಳು ಕಾಣುವಷ್ಟರಲ್ಲಿ ಕೆಳಗೆ ಅದು ಎಲೆಯ ಎತ್ತರಕ್ಕಿಂತ ಬಹಳ ಹೆಚ್ಚು ಆಳಕ್ಕೆ ಇಳಿದಿರುತ್ತದೆ. ಮೊದಲ ಕೆಲವು ವಾರಗಳಲ್ಲಿ ಅದರ ಕೆಲಸವೆಲ್ಲ ಕೆಳಗೆ ಇಳಿಯುವದು. ಬೆಳೆಯುವ ಗಜ್ಜರಿಯ ಉದ್ದವು ಆಗಲೇ ಬಹುಮಟ್ಟಿಗೆ ಗೊತ್ತಾಗಿಬಿಡುತ್ತದೆ. ದಪ್ಪವಾಗುವದು, ಸಿಹಿ ತುಂಬುವದು ಆಮೇಲಿನ ಮಾತು. ಇಳಿಯುವ ಈ ಬೇರಿನ ತುದಿಯು ಮುರಿದರೆ, ಅಥವಾ ಕುಣಿಯಲ್ಲಿ ಮಡಿಸಿಕೊಂಡು ಕುಳಿತರೆ, ಗಿಡವು ಸಾಯದೆ ಉಳಿಯಬಹುದು. ಆದರೆ ಪಕ್ಕದ ಬೇರುಗಳು ತಾಯಿಬೇರಿನ ಕೆಲಸವನ್ನು ಹಂಚಿಕೊಂಡು ತಾವೂ ದಪ್ಪವಾಗತೊಡಗುತ್ತವೆ. ಕವಲು ಹುಟ್ಟುವ ಬಗೆ ಇದು. ನೆಲದಲ್ಲಿ ಕಲ್ಲು ಅಡ್ಡ ಬಂದರೂ, ಕೊಳೆಯದ ಹಸಿ ಗೊಬ್ಬರವನ್ನು ಹಾಕಿದರೂ ಇದೇ ಗತಿ. ನೀರನ್ನು ಹೀರುವವು ಕಣ್ಣಿಗೆ ಕಾಣದಷ್ಟು ನವಿರಾದ ಬೇರುರೋಮಗಳು. ಸಸಿಯನ್ನು ಎಳೆದಾಗ ಮೊದಲು ಹರಿಯುವವು ಅವೇ. ಎಲೆಯು ಎಂದಿನಂತೆ ನೀರನ್ನು ಗಾಳಿಗೆ ಬಿಡುತ್ತಿರುತ್ತದೆ, ಬೇರು ಪೂರೈಸಲಾರದು, ಸಸಿಯು ಬಾಡುತ್ತದೆ.

ಆದರೆ ಅದೇ ಹಿತ್ತಿಲಿನಲ್ಲಿ ಉಳ್ಳಾಗಡ್ಡಿಯ ಮಡಿಯೂ ಇದ್ದಿತು. ಅದರಲ್ಲಿದ್ದ ಸಸಿಗಳೆಲ್ಲ ಬೇರೆ ಕಡೆಯಿಂದ ಕಿತ್ತು ತಂದು ನೆಟ್ಟವೇ ಆಗಿದ್ದವು, ಒಂದೂ ಕೆಡಲಿಲ್ಲ. ಉಳ್ಳಾಗಡ್ಡಿಯನ್ನು ಸಸಿಮಡಿಯಲ್ಲಿ ದಟ್ಟವಾಗಿ ಬಿತ್ತಿ, 6ರಿಂದ 8 ವಾರ ಬೆಳೆಸಿ, ಆಮೇಲೆ ಗೇಣು ಅರ್ಧ ಗೇಣಿನ ಅಂತರದಲ್ಲಿ ನಾಟಿ ಮಾಡುವದೇ ರೂಢಿ. ಅದಕ್ಕೆ ಒಂದು ತಾಯಿಬೇರಿನ ಆಸರೆಯಿಲ್ಲ. ಬುಡದಿಂದ ಹಲವು ತಂತುಬೇರುಗಳು ಹೊರಡುತ್ತವೆ, ಕೆಲವು ಹರಿದರೆ ಹೊಸವು ಹುಟ್ಟುತ್ತವೆ. ಗಡ್ಡೆಯೆಂದು ಕರೆಯುವದು ಅಲ್ಲಿ ಬೇರೇ ಅಲ್ಲ. ಎಲೆಗಳ ಬುಡಗಳು ದಪ್ಪವಾಗಿ ಪದರಪದರವಾಗಿ ಸುತ್ತಿಕೊಂಡ ರೂಪವದು. ಇನ್ನು ಬೀಟ್‌ರೂಟು ಇವೆರಡರ ನಡುವಿನದು. ಅದರ ಬೀಜವೆಂದು ಬಿತ್ತುವ ಗಂಟು ಒಂದೇ ಬೀಜವಲ್ಲ. ಎರಡು ಮೂರು ಮೊಳಕೆಗಳು ಒಂದೇ ಗಂಟಿನಿಂದ ಏಳುತ್ತವೆ. ಆದುದರಿಂದ ಎಷ್ಟು ಎಚ್ಚರದಿಂದ ಬಿತ್ತಿದರೂ ಅಲ್ಲಿ ಒತ್ತೊತ್ತಾಗುವದು ತಪ್ಪದು. ಎಳೆಯದಿರುವಾಗ, ಮೂರು ನಾಲ್ಕು ಎಲೆಗಳಾದಾಗ, ಮಣ್ಣನ್ನು ನೆನೆಸಿ ಬೇರು ಮುರಿಯದಂತೆ ಎತ್ತಿ ನೇರವಾದ ಕುಣಿಯಲ್ಲಿ ಇಳಿಬಿಟ್ಟರೆ ಅದು ಸಾಮಾನ್ಯವಾಗಿ ಒಳ್ಳೆಯ ಗಡ್ಡೆಯನ್ನೇ ಕೊಡುತ್ತದೆ. ಅದರಲ್ಲಿ ಉಬ್ಬುವ ಭಾಗವು ಕಾಂಡವೂ ಬೇರೂ ಕೂಡುವ ಎಡೆಗೆ ಹತ್ತಿರವಾಗಿರುತ್ತದೆ.

ಹೀಗೆ ಒಂದೇ ಹಿತ್ತಿಲಿನಲ್ಲಿ, ಒಂದೇ ಕೈಯಿಂದ, ಒಂದೇ ದಯೆಯಿಂದ ಮಾಡಿದ ಒಂದೇ ಕೆಲಸವು ಒಂದಕ್ಕೆ ಹಿತವಾಯಿತು, ಒಂದಕ್ಕೆ ಸಹ್ಯವಾಯಿತು, ಒಂದಕ್ಕೆ ಕೇಡಾಯಿತು. ಇದರಿಂದ ಏರ್ಪಡುವ ಮೊದಲ ತತ್ತ್ವವಿದು: ದಯೆಗೆ ಅರಿವಿನ ಕಣ್ಣು ಬೇಕು. ಸೊಸೆಯು ತನ್ನ ನೋವನ್ನು ಕಂಡಳು. ಗಜ್ಜರಿಯ ಸ್ವಭಾವವನ್ನು ಕಾಣಲಿಲ್ಲ. ಕಿತ್ತೆಸೆಯಲಾರದ ಸಂಕಟವು ಅವಳದು. ಕವಲಾಗುವ ಕಷ್ಟವು ಅದರದು. ತನ್ನ ಸಂಕಟದ ಪರಿಹಾರಕ್ಕಾಗಿ ಮಾಡಿದ ಕಾರ್ಯವನ್ನು ಇನ್ನೊಂದು ಜೀವಕ್ಕೆ ಮಾಡಿದ ಉಪಕಾರವೆಂದು ಎಣಿಸುವದು ಮನುಷ್ಯನಿಗೆ ಬಹು ಸುಲಭ. ಮಗುವಿನ ಅಳುವನ್ನು ಕೇಳಲಾರದೆ ಕೇಳಿದುದನ್ನೆಲ್ಲ ಕೊಡುವ ತಂದೆಯೂ, ಭಿಕ್ಷುಕನ ಮುಖವನ್ನು ನೋಡಲಾರದೆ ದುಡ್ಡೆಸೆದು ಬಾಗಿಲು ಮುಚ್ಚುವ ಗೃಹಸ್ಥನೂ ಮಾಡುವದು ಇದನ್ನೇ. ಅರಿವೇ ಗುರುವೆಂದು ನಂಬಿದ ಪರಂಪರೆಯಲ್ಲಿ ಅರಿವಿಲ್ಲದ ದಯೆಗೆ ಪೂರ್ಣವಾದ ಸ್ಥಾನವು ಸಲ್ಲದು.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಹಾಗಾದರೆ ಹೆಚ್ಚಾದುದನ್ನು ಕಿತ್ತೆಸೆಯುವದೇ ಧರ್ಮವೇ? ಕೆಲವು ಬೆಳೆಯಬೇಕಾದರೆ ಉಳಿದವು ಅಳಿಯಬೇಕೆಂಬ ನಿಯಮವನ್ನು ಹಿತ್ತಿಲಿನಿಂದ ಮನೆಗೂ, ಮನೆಯಿಂದ ಸಮಾಜಕ್ಕೂ ತಂದರೆ ಗತಿಯೇನು? ಬಲ್ಲಿದರು ಬಾಳಲಿ, ಬಡವರು ಎಡೆ ಬಿಡಲಿ ಎಂದಂತಾಗಲಿಲ್ಲವೆ?

ಆಕ್ಷೇಪವು ಗಟ್ಟಿಯಾದುದು, ಜಾರಿಸಿ ಉತ್ತರ ಹೇಳಬಾರದು. ಸಸಿಗೂ ಮನುಷ್ಯನಿಗೂ ಒಂದೇ ತಕ್ಕಡಿ ಅಲ್ಲ. ಗಜ್ಜರಿಯನ್ನು ಬಿತ್ತುವವನು ಉಣ್ಣುವದಕ್ಕಾಗಿ ಬಿತ್ತುತ್ತಾನೆ. ಮನುಷ್ಯನು ಯಾರ ಊಟಕ್ಕಾಗಿಯೂ ಹುಟ್ಟಿದವನಲ್ಲ. ಅವನನ್ನು ಹೆಚ್ಚಾದವನೆಂದು ಎಣಿಸುವ ಅಧಿಕಾರವು ಯಾರಿಗೂ ಇಲ್ಲ. ಕೆಳಗಿನವರೆಂದು ಊರ ಹೊರಗಿಟ್ಟವರನ್ನು ಅನುಭವಮಂಟಪದಲ್ಲಿ ಸಮಾಸನದಲ್ಲಿ ಕುಳ್ಳಿರಿಸಿದ ಶರಣರ ಬಾಳನ್ನು ನೆನೆವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಹಿತ್ತಿಲಿನಿಂದ ಕಲಿಯತಕ್ಕ ಪಾಠವು ಬೇರೆ. ದಟ್ಟವಾದುದು ಸಸಿಯ ತಪ್ಪಲ್ಲ, ಬಿತ್ತಿದ ಕೈಯ ತಪ್ಪು. ಒಂದು ಹಿಡಿ ಬೀಜಕ್ಕೆ ಹಲವು ಹಿಡಿ ಒಣ ಮರಳನ್ನು ಬೆರೆಸಿ ಚೆಲ್ಲಿದ್ದರೆ ಬೀಜಗಳು ದೂರದೂರ ಬೀಳುತ್ತಿದ್ದವು. ಕೀಳುವ ಪ್ರಸಂಗವೇ ಬಹಳ ಕಡಿಮೆಯಾಗುತ್ತಿದ್ದಿತು. ದಯೆಯು ಕೀಳುವ ಹೊತ್ತಿಗೆ ಎಚ್ಚತ್ತರೆ ತಡವಾಯಿತು. ಬಿತ್ತುವ ಹೊತ್ತಿಗೇ ಅದು ಎಚ್ಚರವಾಗಿರಬೇಕು. ಹಸಿದವರ ಸಾಲು ಬಾಗಿಲಿಗೆ ಬಂದ ಮೇಲೆ ಯಾರಿಗೆ ಕೊಡಲಿ, ಯಾರಿಗೆ ಬಿಡಲಿ ಎಂದು ಮರುಗುವದು ಒಳ್ಳೆಯದೇ. ಸಾಲು ಏಕೆ ಬೆಳೆಯಿತೆಂದು ಮೊದಲೇ ವಿಚಾರಿಸುವದು ಇನ್ನೂ ಒಳ್ಳೆಯದು.

ಇನ್ನು ಎಷ್ಟು ಎಚ್ಚರ ವಹಿಸಿದರೂ ತೆಗೆಯಲೇಬೇಕಾದುವು ಕೆಲವು ಉಳಿಯುತ್ತವೆ. ಅವನ್ನು ಎಸೆಯಬೇಕೆಂದು ಯಾರೂ ಹೇಳಿಲ್ಲ. ಮೂಲಂಗಿಯ ಎಳೆಯ ಸೊಪ್ಪು ಪಲ್ಲೆಗೆ ಬರುತ್ತದೆ. ಬೀಟ್‌ರೂಟಿನ ಎಲೆಯೂ ಹಾಗೆಯೇ. ಉಳಿದುದು ದನದ ಮುಂದೆ ಬೀಳುತ್ತದೆ, ಇಲ್ಲವೆ ತಿಪ್ಪೆ ಸೇರಿ ಮುಂದಿನ ವರ್ಷದ ಮಡಿಗೆ ಮರಳುತ್ತದೆ. ದೊರೆತುದನ್ನು ವ್ಯರ್ಥಮಾಡದೆ ಸಲ್ಲುವ ಕಡೆಗೆ ಸಲ್ಲಿಸುವದು ದಾಸೋಹದ ಸಣ್ಣದೊಂದು ಮುಖವೇ ಸರಿ. ಅತ್ತೆಯು ಆ ದಿನ ಸೊಸೆಯ ಉಡಿಯಲ್ಲಿದ್ದ ಕವಲು ಗಜ್ಜರಿಗಳನ್ನು ತೆಗೆದುಕೊಂಡು ತೊಳೆದು, ಹೆರೆದು, ಎಂದಿನಂತೆ ಅಡಿಗೆಗೆ ಹಾಕಿದಳು. ಉಂಡವರಿಗೆ ರುಚಿಯಲ್ಲಿ ಭೇದವು ತಿಳಿಯಲಿಲ್ಲ. ಇದನ್ನೂ ಗಮನಿಸಬೇಕು. ಕವಲೊಡೆದುದರಿಂದ ಗಜ್ಜರಿಯು ಗಜ್ಜರಿಯಲ್ಲದೆ ಹೋಗಲಿಲ್ಲ. ಬಾಳಿನ ಎಳವೆಯಲ್ಲಿ ಯಾರದೋ ಕೈಯಿಂದ ಬೇರು ಮುರಿದುಕೊಂಡವರನ್ನು, ನಡೆ ನೇರವಾಗಿಲ್ಲವೆಂದು ಹಳಿಯುವ ಮುನ್ನ, ಅವರನ್ನು ಕಿತ್ತವರಾರೆಂಬುದನ್ನು ನೆನೆಯಬೇಕು. ಕವಲಿಗೆ ಹೊಣೆಯು ಬೇರಲ್ಲ.

ಈಗ ಸೊಸೆಯ ಪ್ರಶ್ನೆಗೆ ಬರಬಹುದು. ಮನುಷ್ಯರ ಬಾಳಿನಲ್ಲಿ ಕಿತ್ತು ನೆಡುವ ಪ್ರಸಂಗಗಳು ಅನೇಕ. ಹೆಣ್ಣುಮಗಳು ತವರನ್ನು ಬಿಟ್ಟು ಬರುತ್ತಾಳೆ. ಮಕ್ಕಳನ್ನು ವಿದ್ಯೆಗಾಗಿ ದೂರದ ಊರುಗಳಲ್ಲಿ ಬಿಡುತ್ತಾರೆ. ವೃದ್ಧರಾದ ತಂದೆತಾಯಿಗಳನ್ನು ಹಳ್ಳಿಯಿಂದ ಎಬ್ಬಿಸಿ ಪಟ್ಟಣದ ಮನೆಯಲ್ಲಿ ತಂದಿರಿಸುತ್ತಾರೆ. ಊರುಗಳೇ ಏಳುವದೂ ಉಂಟು. ಕೃಷ್ಣೆಗೆ ಅಡ್ಡಲಾಗಿ ಆಲಮಟ್ಟಿಯಲ್ಲಿ 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟ ಯೋಜನೆಯು ಬೆಳೆದಂತೆ ಅನೇಕ ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ಹಳೆಯ ಬಾಗಿಲಕೋಟೆಯ ಬಹುಭಾಗದ ಜನರು ಎದ್ದು ನವನಗರಕ್ಕೆ ಹೋಗಬೇಕಾಯಿತು. ಲಕ್ಷಾಂತರ ಎಕರೆಗಳಿಗೆ ನೀರು ದೊರೆತುದು ಸತ್ಯ. ಮನೆಯ ಹೊಸ್ತಿಲನ್ನೂ ಹಿರಿಯರ ಗದ್ದುಗೆಯನ್ನೂ ನೀರಿಗೆ ಬಿಟ್ಟು ಬಂದವರ ಕಣ್ಣೀರೂ ಅಷ್ಟೇ ಸತ್ಯ. ಒಂದು ಸತ್ಯವನ್ನು ತೋರಿಸಿ ಇನ್ನೊಂದನ್ನು ಮುಚ್ಚಬಾರದು.

ಅದೇ ನದಿಯ ದಂಡೆಯಲ್ಲಿ ಒಂದು ದೃಷ್ಟಾಂತವಿದೆ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳಕ್ಕೂ ಹಿನ್ನೀರು ಬರುವದಿದ್ದಿತು. ಅದನ್ನು ಎಬ್ಬಿಸಿ ಬೇರೆಡೆಗೆ ಒಯ್ಯಲಿಲ್ಲ. ಸುತ್ತಲೂ ಭಾವಿಯಂತೆ ಎತ್ತರವಾದ ಗೋಡೆಯನ್ನು ಕಟ್ಟಿ ಇದ್ದಲ್ಲಿಯೇ ಕಾಯ್ದುಕೊಂಡರು. ಇಂದಿಗೂ ಭಕ್ತರು ಸುತ್ತಲಿನ ನೀರಿನ ಮಟ್ಟಕ್ಕಿಂತ ಕೆಳಗೆ ಮೆಟ್ಟಿಲಿಳಿದು ಹೋಗಿ ದರ್ಶನ ಪಡೆಯುತ್ತಾರೆ. ಅದೇ ಕೃಷ್ಣೆಯ ಕೆಳಗಣ ಹರಿವಿನಲ್ಲಿ, ಶ್ರೀಶೈಲದ ಜಲಾಶಯಕ್ಕೆ ಸಿಕ್ಕ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನಾದರೋ, 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಿದರು. ಕಲ್ಲಿನ ಕಟ್ಟಡವನ್ನು ಒಯ್ಯಬಹುದು. ಐಕ್ಯವಾದ ನೆಲವನ್ನು ಒಯ್ಯಲಾಗದು. ಯಾವದನ್ನು ಸಾಗಿಸಬೇಕು, ಯಾವದಕ್ಕೆ ಇದ್ದಲ್ಲಿಯೇ ಗೋಡೆ ಕಟ್ಟಬೇಕು ಎಂಬ ವಿವೇಕವು ಎರಡೂ ಕಡೆ ಕೆಲಸಮಾಡಿದೆ.

ಸಾಗಿಸಲೇಬೇಕಾದಾಗ ಸಾಗಿಸುವ ವಿಧಿಯೊಂದುಂಟು. ಬಲ್ಲ ತೋಟಿಗನು ಮೊದಲು ಹೊಸ ಮಡಿಯನ್ನು ಹದಮಾಡುತ್ತಾನೆ, ಆಮೇಲೆ ಸಸಿಯನ್ನು ಮುಟ್ಟುತ್ತಾನೆ. ಹಳೆಯ ಮಡಿಗೆ ನೀರು ಬಿಟ್ಟು ಮಣ್ಣನ್ನು ಮೆದುಮಾಡಿ, ಎಳೆಯದೆ, ಕುರ್ಪಿಯಿಂದ ಕೆಳಗಿನಿಂದ ಎತ್ತುತ್ತಾನೆ. ಬೇರಿಗೆ ಹತ್ತಿದ ಮಣ್ಣನ್ನು ಕೊಡಹುವದಿಲ್ಲ. ನಡುಹಗಲನ್ನು ಬಿಟ್ಟು ಸಂಜೆಯ ತಂಪಿನಲ್ಲಿ ನೆಡುತ್ತಾನೆ. ಬೇರು ಮಡಿಸದಷ್ಟು ಆಳವಾದ ಕುಣಿಯನ್ನು ಮಾಡುತ್ತಾನೆ. ಕೆಲವು ದಿನ ನೆರಳನ್ನೂ ನೀರನ್ನೂ ಕೊಟ್ಟು, ಹೊಸ ಎಲೆ ಮೂಡುವವರೆಗೆ ಬೆಳವಣಿಗೆಯನ್ನು ಕೇಳುವದಿಲ್ಲ. ಈ ಒಂದೊಂದು ಮಾತೂ ಮನೆಗೆ ಸಲ್ಲುತ್ತದೆ. ಹೊಸ ಸೊಸೆಯನ್ನು ಪಂಚಮಿಗೆ ತವರಿಗೆ ಕಳುಹಿಸಿ ಕರೆತರುವ ನಮ್ಮ ನಾಡಿನ ರೂಢಿಯು ಬರಿಯ ಸಂಪ್ರದಾಯವಲ್ಲ. ಅದು ಬೇರಿಗೆ ಹತ್ತಿದ ಮಣ್ಣನ್ನು ಒಮ್ಮೆಲೇ ಕೊಡಹದಿರುವ ಎಚ್ಚರ. ಅವಳ ತವರಿನ ಮಾತನ್ನು, ಅಡಿಗೆಯನ್ನು, ಹಾಡನ್ನು ಹಳಿಯುವ ಮನೆಯು ಮಣ್ಣು ಕೊಡಹಿ ನೆಡುವ ಮನೆ. ಬಂದ ವಾರವೇ ಎಲ್ಲ ಕೆಲಸವನ್ನೂ ಅವಳ ತಲೆಗೆ ಹೊರಿಸುವ ಮನೆಯು ನಡುಹಗಲಲ್ಲಿ ನೆಡುವ ಮನೆ. ಅಂತಹ ಮನೆಯಲ್ಲಿ ಅವಳು ಬಾಡಿದರೆ ಅವಳ ಸ್ವಭಾವವನ್ನು ದೂರುವದು ಅನ್ಯಾಯ.

ಇನ್ನೊಂದು ಶಂಕೆಯು ಉಳಿಯಿತು. ಬಸವಣ್ಣನವರು ಎಳೆಯ ವಯಸ್ಸಿನಲ್ಲಿಯೇ ಬಾಗೇವಾಡಿಯ ತಂದೆಯ ಮನೆಯನ್ನು ತೊರೆದು ಕೂಡಲಸಂಗಮಕ್ಕೆ ನಡೆದರೆಂದು ಪುರಾಣಗಳು ಸಾರುತ್ತವೆ. ಅಕ್ಕಮಹಾದೇವಿಯು ಉಡುತಡಿಯನ್ನು ಬಿಟ್ಟು ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ಹೋದಳು. ಅವರ ಬೇರುಗಳು ಕವಲಾಗಲಿಲ್ಲವೇಕೆ? ಇದಕ್ಕೆ ಸಮಾಧಾನವಿಷ್ಟೆ: ಸಸಿಗೆ ಕಾಲಿಲ್ಲ, ಸಂಕಲ್ಪವಿಲ್ಲ; ಅದನ್ನು ಇನ್ನೊಬ್ಬರು ಕೀಳುತ್ತಾರೆ. ಶರಣರನ್ನು ಯಾರೂ ಕೀಳಲಿಲ್ಲ, ಅವರು ನಡೆದರು. ತನ್ನ ತಾಯಿಬೇರು ಯಾವ ನೆಲವನ್ನು ಅರಸುತ್ತಿದೆಯೆಂದು ಬಲ್ಲವನಿಗೆ ಹುಟ್ಟಿದೂರನ್ನು ಬಿಡುವದೇ ಬೇರಿಳಿಯುವ ಕ್ರಮವಾದೀತು. ಆದುದರಿಂದ ಶರಣರ ತ್ಯಾಗವನ್ನು ತೋರಿಸಿ ಇನ್ನೊಬ್ಬರನ್ನು ಬಲವಂತದಿಂದ ಕೀಳುವವನು ಶರಣರ ಹೆಸರಿಗೆ ಅಪಚಾರ ಮಾಡಿದಂತೆ. ತಾನು ನಡೆಯುವದು ತ್ಯಾಗ; ಪರರನ್ನು ಕೀಳುವದಕ್ಕೆ ಆ ಹೆಸರು ಸಲ್ಲದು.

ಕೊನೆಗೆ ಮೂಲಂಗಿಯಿಂದಲೇ ಕಲಿಯತಕ್ಕ ಇನ್ನೊಂದು ಮಾತಿದೆ. ಎಳವೆಯಲ್ಲಿ ಕಿತ್ತರೆ ಕೆಡುವ ಇದೇ ಬೇರನ್ನು, ಬಲಿತ ಮೇಲೆ ಬೇಕೆಂದೇ ಕಿತ್ತು ಮತ್ತೆ ನೆಡುವ ಪದ್ಧತಿಯುಂಟು, ಅದು ಬೀಜಕ್ಕಾಗಿ. ಮಡಿಯನ್ನು ಅಗೆದು, ಬೇರುಗಳನ್ನು ಒಂದೊಂದಾಗಿ ನೋಡಿ, ನೇರವಾದುದನ್ನು, ರೋಗವಿಲ್ಲದುದನ್ನು ಆರಿಸುತ್ತಾರೆ. ಎಲೆಗಳನ್ನು ನಡುವಿನ ಕುಡಿ ಉಳಿಯುವಂತೆ ಮೇಲಕ್ಕೆ ಕೊಯ್ದು, ಬೇರಿನ ತುದಿಯನ್ನೂ ಕೊಂಚ ಕತ್ತರಿಸಿ, ಬೇರೊಂದು ಮಡಿಯಲ್ಲಿ ನೆಡುತ್ತಾರೆ. ಹಿಮಾಚಲದ ಕುಲ್ಲು ಕಣಿವೆಯಂತಹ ತಂಪು ನಾಡುಗಳಲ್ಲಿ ಗಜ್ಜರಿಯ ಬೀಜವನ್ನೂ ಇದೇ ಬಗೆಯಿಂದ ಪಡೆಯುತ್ತಾರೆ. ಎಳವೆಯಲ್ಲಿ ತುದಿ ಮುರಿದುದೇ ಕೇಡಿಗೆ ಕಾರಣವಾಗಿದ್ದಿತು. ಈಗ ತುದಿಯನ್ನು ಕತ್ತರಿಸಿದರೂ ಅದು ಚಿಗುರುತ್ತದೆ, ಹೂ ಬಿಡುತ್ತದೆ, ಬೀಜ ಕಟ್ಟುತ್ತದೆ. ಈ ಭೇದಕ್ಕೆ ಕಾರಣವೇನು? ಬಲಿತ ಬೇರು ತನ್ನೊಳಗೆ ಆಹಾರವನ್ನು ಕೂಡಿಟ್ಟುಕೊಂಡಿದೆ. ಹೊಸ ನೆಲವು ಉಣಿಸುವವರೆಗೆ ಅದು ತನ್ನಿಂದ ತಾನೇ ಬಾಳಬಲ್ಲದು. ಮಾತ್ರವಲ್ಲ, ಕೂಡಿಟ್ಟುದನ್ನೆಲ್ಲ ಹೂವಿಗೂ ಬೀಜಕ್ಕೂ ಕೊಟ್ಟು ತಾನು ನಾರಾಗಿ ಹಗುರವಾಗಿ ಮುಗಿಯುತ್ತದೆ. ಒಳಗೆ ಕೂಡಿದವನೇ ಸ್ಥಳಾಂತರವನ್ನು ತಾಳಬಲ್ಲನು, ಕೂಡಿಟ್ಟುದನ್ನು ಕೊಡಲೂ ಬಲ್ಲನು. ಮಗುವನ್ನು ದೂರಕ್ಕೆ ಕಳುಹಿಸುವ ತಂದೆತಾಯಿಗಳು ಕೇಳಿಕೊಳ್ಳಬೇಕಾದ ಪ್ರಶ್ನೆಯು ಅದರ ವಯಸ್ಸೆಷ್ಟು ಎಂಬುದಕ್ಕಿಂತ, ಅದರೊಳಗೆ ಕೂಡಿರುವದೆಷ್ಟು ಎಂಬುದು.

ಅತ್ತೆಯು ಸೊಸೆಗೆ ಆ ದಿನ ಹೆಚ್ಚಿನ ಮಾತನ್ನೇನೂ ಹೇಳಲಿಲ್ಲ. "ನಾನೂ ಒಂದು ದಿನ ಹೀಗೆಯೇ ಬಂದವಳು, ತಂಗಿ. ನನ್ನನ್ನು ನೆಟ್ಟವರು ಸಂಜೆಯ ಹೊತ್ತು ನೋಡಲಿಲ್ಲ. ನಿನಗೆ ಹಾಗಾಗದಂತೆ ನೋಡಿಕೊಳ್ಳುವದು ನನ್ನ ಕೆಲಸ" ಎಂದಳು. ಮರುದಿನ ಮೂಲಂಗಿಯ ಮಡಿಯನ್ನು ಅಗೆದಾಗ, ಎಲ್ಲಕ್ಕಿಂತ ಚೆಲುವಾದ ಐದು ಬೇರುಗಳನ್ನು ಅಡಿಗೆಮನೆಗೆ ಕಳುಹಿಸದೆ ಸೊಸೆಯ ಕೈಗಿತ್ತು, ಬೀಜಕ್ಕಾಗಿ ನೆಡಹೇಳಿದಳು. ಮುಂದಿನ ಚಳಿಗಾಲದಲ್ಲಿ ಬಿತ್ತುವಾಗ ಸೊಸೆಯು ಮರೆಯದೆ ಮರಳನ್ನು ಬೆರೆಸಿದಳು.

ಗೃಹಸ್ಥರಾದ ಭಕ್ತರು ಕಾಯಕದಲ್ಲಿ ತೊಡಗಿದಾಗ ಇಂತಹ ಪ್ರಶ್ನೆಗಳು ದಿನದಿನವೂ ಎದುರಾಗುತ್ತವೆ. ಕೈಗೆ ಬಂದ ಜೀವವನ್ನು ಮುಟ್ಟುವ ಮುನ್ನ ಅದರ ಬೇರನ್ನು ಅರಿಯುವದು, ಕೀಳಲೇಬೇಕಾದರೆ ಮಣ್ಣಿನೊಡನೆ ಎತ್ತುವದು, ಕೀಳಬಾರದುದನ್ನು ಇದ್ದಲ್ಲಿಯೇ ಕಾಯುವದು, ಕವಲಾದುದನ್ನು ಹಳಿಯದೆ ಉಣ್ಣುವದು ಇವಿಷ್ಟನ್ನು ಸಾಧಿಸಿದವನ ದಯೆಯು ಅವನ ಮನಸ್ಸಿಗೆ ಸಮಾಧಾನ ನೀಡುವಷ್ಟಕ್ಕೆ ನಿಲ್ಲದೆ, ದಯೆಗೆ ಪಾತ್ರವಾದ ಜೀವಕ್ಕೂ ಹಿತವಾಗುವದು.